ದಿನಕ್ಕೊಂದು ಚಿತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯೊಳಗೋ ದಾರಿಯಲ್ಲೋ ಕಣ್ಣಿಗೆ ಬೀಳುವ ಸಾಮಾನ್ಯ ವಸ್ತುವೊಂದನ್ನು, ಇಲ್ಲವೇ ದಿನದ ಸಣ್ಣದೊಂದು ಗಳಿಗೆಯನ್ನು ಪ್ರತಿದಿನವೂ ತಪ್ಪದೆ ಚಿತ್ರವಾಗಿ ತೆಗೆದಿಡುವ ಅಭ್ಯಾಸದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಹಲವರು ಪತ್ರ ಬರೆದಿದ್ದಾರೆ. ಕೆಲವರು ಆಗಲೇ ಆರಂಭಿಸಿ ಅರ್ಧ ದಾರಿಯಲ್ಲಿ ನಿಂತಿದ್ದಾರೆ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಿಮ್ಮ ಲೇಖನ ಓದಿದ ಮರುದಿನವೇ ಮೊಬೈಲಿನಲ್ಲಿ ದಿನಕ್ಕೊಂದು ಫೋಟೊ ತೆಗೆಯಲು ಶುರುಮಾಡಿದೆ. ಮೊದಲ ವಾರ ಉತ್ಸಾಹದಿಂದ ಕಳೆಯಿತು. ಎರಡನೆಯ ವಾರಕ್ಕೆ ಬರುವಷ್ಟರಲ್ಲಿ ಮನೆಯಲ್ಲಿ ತೆಗೆಯುವಂಥದ್ದು ಏನೂ ಉಳಿದಿಲ್ಲ ಎನ್ನಿಸತೊಡಗಿದೆ. ಅದೇ ಕುರ್ಚಿ, ಅದೇ ಕಿಟಕಿ, ಅದೇ ಕೊಡೆ. ದಿನವೂ ಹೊಸ ವಿಷಯವನ್ನು ಎಲ್ಲಿಂದ ತರಲಿ?

ಉತ್ತರ: ಮೇಡಂ, ಮೊದಲ ವಾರದಲ್ಲಿ ನಾವೆಲ್ಲರೂ ಮಾಡುವುದು ಹೆಸರು ಬರೆದುಕೊಳ್ಳುವ ಕೆಲಸ. ಕುರ್ಚಿಯ ಚಿತ್ರ ತೆಗೆದು ‘ಇದು ಕುರ್ಚಿ’ ಎಂದು, ಕೊಡೆಯ ಚಿತ್ರ ತೆಗೆದು ‘ಇದು ಕೊಡೆ’ ಎಂದು ಹಾಜರಿ ಹಾಕಿಬಿಡುತ್ತೇವೆ. ಹಾಜರಿ ಪುಸ್ತಕದ ಹೆಸರುಗಳು ಒಂದು ವಾರದಲ್ಲಿ ಮುಗಿಯುವುದು ಸಹಜ. ಆದರೆ ಹೆಸರು ಕರೆದು ಮುಗಿದ ಮೇಲೆಯೇ ಪಾಠ ಆರಂಭವಾಗುತ್ತದೆ ಎಂಬುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿದೆ? ನೀವು ಈಗ ನಿಂತಿರುವುದು ಆ ಹೊಸ್ತಿಲಿನಲ್ಲಿ.

ಛಾಯಾಗ್ರಹಣದ ಚರಿತ್ರೆಯನ್ನು ತೆರೆದು ನೋಡಿದರೆ ಅದರ ಮೊದಲ ಪುಟಗಳಲ್ಲೇ ನಿಮ್ಮ ಕಿಟಕಿ ಕಾಣಿಸುತ್ತದೆ. ಕ್ಯಾಮೆರಾದಲ್ಲಿ ಮೂಡಿಸಿದ ಚಿತ್ರಗಳಲ್ಲಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯದನ್ನು ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1826 ಅಥವಾ 1827ರಲ್ಲಿ ತೆಗೆದರು. ತಮ್ಮ ಮನೆಯ ಮಹಡಿಯ ಕಿಟಕಿಯಿಂದ ಕಾಣುತ್ತಿದ್ದ ಗೋಡೆ, ಸೂರು, ಅಂಗಳ ಇಷ್ಟೇ ಅದರಲ್ಲಿರುವುದು. ಬೆಳಕಿಗೆ ಗಟ್ಟಿಯಾಗುವ ಡಾಂಬರಿನಂಥ ವಸ್ತುವನ್ನು ಲೋಹದ ಹಾಳೆಗೆ ಸವರಿ ಗಂಟೆಗಟ್ಟಲೆ ಕಾದಿದ್ದರಿಂದ ಅಷ್ಟು ಹೊತ್ತಿನಲ್ಲಿ ಸೂರ್ಯ ಆಕಾಶವನ್ನು ದಾಟಿಹೋಗಿದ್ದಾನೆ, ಎದುರುಬದುರಿನ ಎರಡೂ ಗೋಡೆಗಳ ಮೇಲೆ ಬಿಸಿಲು ಬಿದ್ದಿದೆ. ಮುಂದೆ 1844ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್, ತೆರೆದ ಬಾಗಿಲಿಗೆ ಒರಗಿಸಿದ್ದ ಒಂದು ಪೊರಕೆಯನ್ನು ಚಿತ್ರವಾಗಿಸಿದರು. ಕಾಗದದ ಮೇಲೆ ಚಿತ್ರ ಮೂಡಿಸುವ ವಿಧಾನವನ್ನು ಕಂಡುಹಿಡಿದ ಆ ವಿದ್ವಾಂಸರು ಪೊರಕೆಯ ಕೋಲು ಬಾಗಿಲಿನ ನೆರಳಿಗೆ ಸಮನಾಗಿ ವಾಲುವಂತೆ ಅದನ್ನು ಇರಿಸಿದ್ದರು; ಅದು ಸರಿಹೋಗುವವರೆಗೆ ಮತ್ತೆ ಮತ್ತೆ ಪ್ರಯತ್ನಿಸಿದ್ದರು. 1928ರಲ್ಲಿ ಆಂದ್ರೆ ಕೆರ್ಟೆಸ್ ತೆಗೆದ ಹೆಸರಾಂತ ಚಿತ್ರದಲ್ಲಿ ಇರುವುದು ತಟ್ಟೆಯ ಅಂಚಿಗೆ ಒರಗಿದ ಒಂದು ಫೋರ್ಕ್ ಮತ್ತು ಅದರ ನೆರಳು ಮಾತ್ರ.

ನಿಮಗೆ ಈ ವಾರ ಒಂದೇ ಕೆಲಸ ಹೇಳುತ್ತೇನೆ. ಒಂದು ಗಾಜಿನ ಲೋಟಕ್ಕೆ ಮುಕ್ಕಾಲು ಭಾಗ ನೀರು ತುಂಬಿಸಿ ಕಿಟಕಿಯ ಪಕ್ಕದ ಮೇಜಿನ ಮೇಲೆ ಇಡಿ. ಬೆಳಿಗ್ಗೆ, ನಡುಮಧ್ಯಾಹ್ನ, ಸಂಜೆ ಇಳಿಬಿಸಿಲು ಬಂದಾಗ, ಮೂರು ಹೊತ್ತು ಅದರೆದುರು ಎರಡೆರಡು ನಿಮಿಷ ಕುಳಿತುಕೊಳ್ಳಿ. ಲೋಟದ ಹಿಂದಿರುವ ಕಿಟಕಿಯ ಸರಳುಗಳು ನೀರಿನೊಳಗೆ ಬಾಗಿ, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ತಿರುವುಮುರುವಾಗಿರುತ್ತವೆ. ನೀರಿನ ಅಂಚು ಗಾಜನ್ನು ಮುಟ್ಟುವ ಕಡೆ ಕೂದಲೆಳೆಯಷ್ಟು ಮೇಲಕ್ಕೆ ಏರಿ ಅಲ್ಲೊಂದು ಬೆಳ್ಳಿಯ ಗೆರೆ ಮೂಡಿರುತ್ತದೆ. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಲೋಟದ ನೆರಳು ಕಪ್ಪಾಗಿರದೆ, ಅದರ ನಡುವೆ ಬೆಳಕಿನ ಒಂದು ಹೊಳೆಯುವ ಕಲೆ ಅಲುಗಾಡುತ್ತಿರುತ್ತದೆ. ಲೋಟದಲ್ಲಿನ ದುಂಡನೆಯ ನೀರು ಲೆನ್ಸಿನಂತೆ ವರ್ತಿಸಿ ಬೆಳಕನ್ನು ಅಲ್ಲಿ ಕೂಡಿಸುತ್ತದೆ. ರಾತ್ರಿಯಿಡೀ ಹಾಗೆಯೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಒಳಗೋಡೆಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿಕೊಂಡಿರುತ್ತವೆ. ಈ ಒಂದು ಲೋಟದಿಂದ ಏಳು ದಿನಕ್ಕೆ ಏಳು ಚಿತ್ರ ಬರುತ್ತದೆ, ಮತ್ತು ಏಳನೆಯದು ಮೊದಲನೆಯದಕ್ಕಿಂತ ಖಂಡಿತವಾಗಿಯೂ ಮೇಲಾಗಿರುತ್ತದೆ. ಆಮೇಲೆ ಕೊಡೆಯ ಬಳಿಗೆ ಹೋಗಿ. ಅದರ ಬಟ್ಟೆ ಯಾವ ಕಡ್ಡಿಯ ಬಳಿ ಹೆಚ್ಚು ಮಾಸಿದೆ, ಹಿಡಿಯ ಯಾವ ಭಾಗ ನಿಮ್ಮ ಅಂಗೈಗೆ ಸವೆದಿದೆ ಎಂಬುದನ್ನು ನೀವು ಇನ್ನೂ ನೋಡಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಪ್ರಶ್ನೆ: ನನ್ನ ಬಳಿ ಇರುವುದು ನಾಲ್ಕು ವರ್ಷದ ಹಳೆಯ ಮೊಬೈಲ್. ಒಳ್ಳೆಯ ಕ್ಯಾಮೆರಾ ಕೊಳ್ಳುವವರೆಗೆ ಕಾಯುವುದು ಒಳ್ಳೆಯದೇ? ಮನೆಯೊಳಗೆ ತೆಗೆದ ಚಿತ್ರಗಳು ಮಸುಕಾಗಿಯೂ ಹಳದಿಯಾಗಿಯೂ ಬರುತ್ತಿವೆ.

ಉತ್ತರ: ಕಾಯಬೇಡಿ. ಹತ್ತು ವರ್ಷಗಳಿಂದೀಚೆಗೆ ಬಂದ ಬಹುತೇಕ ಮೊಬೈಲುಗಳು ಈ ಕೆಲಸಕ್ಕೆ ಸಾಲುತ್ತವೆ. ಒಂದು ಲೆಕ್ಕ ನೋಡಿ: ನಾಲ್ಕು ಇಂಚು ಅಗಲ, ಆರು ಇಂಚು ಉದ್ದದ ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಬಿಂದುಗಳಂತೆ 1200×1800 ಪಿಕ್ಸೆಲ್ ಬೇಕು, ಅಂದರೆ ಸುಮಾರು 22 ಲಕ್ಷ ಪಿಕ್ಸೆಲ್. 12 ಮೆಗಾಪಿಕ್ಸೆಲ್‌ನ, ಅಂದರೆ 120 ಲಕ್ಷ ಪಿಕ್ಸೆಲ್‌ನ ಸಾಧಾರಣ ಮೊಬೈಲಿನಲ್ಲಿ ಅದರ ಐದು ಪಟ್ಟಿಗಿಂತ ಹೆಚ್ಚು ಇರುತ್ತದೆ.

ಮಸುಕಿಗೆ ಮೊದಲ ಕಾರಣ ಲೆನ್ಸಿನ ಮೇಲಿನ ಬೆರಳಿನ ಜಿಡ್ಡು. ಜೇಬಿನಿಂದಲೋ ಚೀಲದಿಂದಲೋ ತೆಗೆದ ಫೋನನ್ನು ನೇರವಾಗಿ ಎತ್ತಿ ಹಿಡಿಯದೆ, ಮೆತ್ತನೆಯ ಹತ್ತಿಬಟ್ಟೆಯಿಂದ ಲೆನ್ಸನ್ನು ಒಮ್ಮೆ ಒರೆಸಿಕೊಳ್ಳಿ. ಅರ್ಧ ದೂರು ಅಲ್ಲಿಗೇ ತೀರುತ್ತದೆ. ಎರಡನೆಯ ಕಾರಣ ಕೈ ನಡುಕ. ಬೆಳಕು ಕಡಿಮೆಯಾದಾಗ ಕ್ಯಾಮೆರಾ ತನ್ನ ಕಿಂಡಿಯನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ಆ ಹೊತ್ತಿನಲ್ಲಿ ಕೈ ಅಲುಗಿದರೆ ಚಿತ್ರವೂ ಅಲುಗುತ್ತದೆ. ಮೊಣಕೈಯನ್ನು ಮೇಜಿಗೋ ಬಾಗಿಲ ಚೌಕಟ್ಟಿಗೋ ಒತ್ತಿಕೊಂಡು, ಉಸಿರು ಬಿಟ್ಟ ಮೇಲೆ ಕ್ಲಿಕ್ ಮಾಡಿ. ಬೆರಳಿನಿಂದ ಹಿಗ್ಗಿಸುವ ಡಿಜಿಟಲ್ ಜೂಮ್ ಬೇಡ, ವಸ್ತುವಿನ ಹತ್ತಿರಕ್ಕೆ ನೀವೇ ಹೋಗಿ. ತೀರಾ ಹತ್ತಿರ ಹೋದರೆ ಲೆನ್ಸಿಗೆ ಫೋಕಸ್ ಸಿಗುವುದಿಲ್ಲ. ಹಾಗಾದಾಗ ಒಂದು ಗೇಣಿನಷ್ಟು ಹಿಂದೆ ಸರಿದು ತೆಗೆಯಿರಿ, ಅಂಚನ್ನು ಆಮೇಲೆ ಕತ್ತರಿಸಿದರಾಯಿತು.

ಹಳದಿ ಬಣ್ಣ ಬರುವುದು ಬಲ್ಬಿನಿಂದ. ಹಗಲಿನ ಬೆಳಕಿಗೂ ಮನೆಯ ಹಳದಿ ದೀಪದ ಬೆಳಕಿಗೂ ಬಣ್ಣದಲ್ಲಿ ದೊಡ್ಡ ಅಂತರವಿದೆ. ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ಹೇಳುವುದಾದರೆ ಹಗಲು ಸುಮಾರು 5500 ಕೆಲ್ವಿನ್, ಹಳದಿ ದೀಪ 2700ರಿಂದ 3000 ಕೆಲ್ವಿನ್. ನಮ್ಮ ಕಣ್ಣು ಈ ವ್ಯತ್ಯಾಸವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಎರಡು ಬೆಳಕೂ ಒಟ್ಟಿಗೆ ಬಿದ್ದಾಗ ಕ್ಯಾಮೆರಾಕ್ಕೆ ಅದು ಸಾಧ್ಯವಾಗದೆ ಗೊಂದಲಕ್ಕೆ ಬೀಳುತ್ತದೆ. ಆದ್ದರಿಂದ ಹಗಲಿನಲ್ಲಿ ತೆಗೆಯುವಾಗ ಕೋಣೆಯ ದೀಪವನ್ನು ಆರಿಸಿ, ಕಿಟಕಿಯ ಬೆಳಕೊಂದನ್ನೇ ನೆಚ್ಚಿಕೊಳ್ಳಿ. ಬೆಳಕು ಎದುರಿನಿಂದ ಬೀಳುವುದಕ್ಕಿಂತ ಪಕ್ಕದಿಂದ ಬಿದ್ದಾಗ ವಸ್ತುವಿನ ಉಬ್ಬುತಗ್ಗು, ನೂಲಿನ ಎಳೆ, ಮರದ ನಾರು ಎಲ್ಲವೂ ಎದ್ದು ಕಾಣುತ್ತವೆ. ಫ್ಲ್ಯಾಷನ್ನು ಪೂರ್ತಿಯಾಗಿ ಆರಿಸಿಬಿಡಿ.

ಇನ್ನೊಂದು ವಿಚಾರವನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಒಗೆದು ಮಡಚಿಟ್ಟ ಬಿಳಿಯ ಬಟ್ಟೆಯನ್ನು ತೆಗೆದರೆ ಅದು ಚಿತ್ರದಲ್ಲಿ ಬೂದುಬಣ್ಣಕ್ಕೆ ತಿರುಗಿರುತ್ತದೆ, ಕಪ್ಪು ಚಪ್ಪಲಿಯನ್ನು ತೆಗೆದರೆ ಅದೂ ಬೂದುಬಣ್ಣವಾಗಿರುತ್ತದೆ. ಎದುರಿಗಿರುವುದೆಲ್ಲವೂ ನಡುಬಣ್ಣದ್ದೇ ಎಂದು ಕ್ಯಾಮೆರಾದ ಬೆಳಕಿನ ಅಳತೆ ಎಣಿಸಿಕೊಳ್ಳುವುದೇ ಇದಕ್ಕೆ ಕಾರಣ. ಪರದೆಯಲ್ಲಿ ವಸ್ತುವಿನ ಮೇಲೆ ಬೆರಳೊತ್ತಿದಾಗ ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಬಿಳಿಗೆ ಸ್ವಲ್ಪ ಮೇಲಕ್ಕೂ ಕಪ್ಪಿಗೆ ಸ್ವಲ್ಪ ಕೆಳಕ್ಕೂ ಸರಿಸಿ.

ಪ್ರಶ್ನೆ: 83 ದಿನ ತಪ್ಪದೆ ತೆಗೆದೆ. ಆಮೇಲೆ ಜ್ವರ ಬಂದು ಒಂಬತ್ತು ದಿನ ತಪ್ಪಿಹೋಯಿತು. ಮತ್ತೆ ಒಂದರಿಂದ ಎಣಿಸಬೇಕೇ? ಮನಸ್ಸೇ ಬರುತ್ತಿಲ್ಲ.

ಉತ್ತರ: 84ರಿಂದ ಮುಂದುವರಿಸಿ. ತಪ್ಪಿದ ಒಂಬತ್ತು ದಿನಗಳಿಗೆ ಹಳೆಯ ಚಿತ್ರಗಳನ್ನು ತಂದು ತುಂಬಬೇಡಿ. ಆ ಜಾಗದಲ್ಲಿ ‘ಜ್ವರ’ ಎಂಬ ಒಂದು ಪದ ಬರೆದಿಡಿ; ಅದೂ ಆ ದಿನಗಳ ದಾಖಲೆಯೇ.

ಅಮೆರಿಕದ ಜೇಮಿ ಲಿವಿಂಗ್‌ಸ್ಟನ್ ಎಂಬವರು 1979ರ ಮಾರ್ಚ್ 31ರಂದು, ತೆಗೆದ ಕೂಡಲೇ ಚಿತ್ರವನ್ನು ಕಾಗದದ ಮೇಲೆ ಮೂಡಿಸಿ ಕೊಡುವ ಪೋಲರಾಯ್ಡ್ ಕ್ಯಾಮೆರಾದಲ್ಲಿ ದಿನಕ್ಕೊಂದು ಚಿತ್ರ ತೆಗೆಯಲು ಆರಂಭಿಸಿ, 1997ರ ಅಕ್ಟೋಬರ್ 25ರಂದು, ತಮ್ಮ 41ನೆಯ ಹುಟ್ಟುಹಬ್ಬದ ದಿನ ಕ್ಯಾನ್ಸರಿನಿಂದ ತೀರಿಕೊಳ್ಳುವವರೆಗೂ ಅದನ್ನು ನಡೆಸಿದರು. ಆರು ಸಾವಿರಕ್ಕೂ ಹೆಚ್ಚಿನ ಆ ಚಿತ್ರಗಳಲ್ಲಿ ಗೆಳೆಯರಿದ್ದಾರೆ, ಮೇಜುಗಳಿವೆ, ಕೊನೆಗೆ ಆಸ್ಪತ್ರೆಯ ಹಾಸಿಗೆಯೂ ಇದೆ. ಅವುಗಳಲ್ಲಿ ಎಷ್ಟೋ ಚಿತ್ರಗಳು ಬಿಡಿಯಾಗಿ ನೋಡಿದರೆ ತೀರಾ ಸಾಧಾರಣವಾದವು. ಹಾಗಿದ್ದರೂ ಒಂದಾದ ಮೇಲೊಂದನ್ನು ನೋಡುತ್ತ ಹೋದವರಿಗೆ ಗಂಟಲು ಕಟ್ಟುತ್ತದೆ. ನಿಮ್ಮ 83 ಚಿತ್ರಗಳೂ ಹಾಗೆಯೇ ಒಂದಕ್ಕೊಂದು ಕೂಡಿಕೊಂಡಿವೆ, ಒಂಬತ್ತು ದಿನದ ಜ್ವರಕ್ಕೆ ಅವು ಕಳಚಿ ಬೀಳುವುದಿಲ್ಲ.

ಪ್ರಶ್ನೆ: ಕಾಲೇಜು ಓದುತ್ತಿರುವ ನನ್ನ ಮಗಳು, “ಅಮ್ಮ, ಫೋಟೊ ತೆಗೆಯುವ ಗಡಿಬಿಡಿಯಲ್ಲಿ ನೀನು ಏನನ್ನೂ ಸರಿಯಾಗಿ ನೋಡುವುದಿಲ್ಲ” ಎನ್ನುತ್ತಾಳೆ. ಅವಳ ಮಾತಿನಲ್ಲಿ ಸತ್ಯವಿದೆಯೇ?

ಉತ್ತರ: ಇದೆ, ಆದರೆ ಪೂರ್ತಿ ಇಲ್ಲ. ನಿಮ್ಮ ಮಗಳ ಸಂದೇಹವನ್ನು ವಿದ್ವಾಂಸರೂ ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ ವಿದ್ಯಾರ್ಥಿಗಳನ್ನು ಕಲಾ ಸಂಗ್ರಹಾಲಯವೊಂದಕ್ಕೆ ಕರೆದೊಯ್ದು, ಕೆಲವು ವಸ್ತುಗಳನ್ನು ಬರಿದೆ ನೋಡುವಂತೆಯೂ ಕೆಲವನ್ನು ನೋಡಿ ಫೋಟೊ ತೆಗೆಯುವಂತೆಯೂ ಹೇಳಿದರು. ಮರುದಿನ ಕೇಳಿದಾಗ, ಫೋಟೊ ತೆಗೆದ ವಸ್ತುಗಳೇ ಅವರಿಗೆ ಕಡಿಮೆ ನೆನಪಿದ್ದವು. 2014ರಲ್ಲಿ ಮುದ್ರಿತವಾದ ಈ ಅಧ್ಯಯನವನ್ನು ನಿಮ್ಮ ಮಗಳು ತನ್ನ ಪರವಾಗಿ ಹೇಳಬಹುದು. ಆದರೆ ಅದೇ ಅಧ್ಯಯನದ ಎರಡನೆಯ ಭಾಗವನ್ನು ನೀವು ಅವಳಿಗೆ ಹೇಳಿ: ಇಡೀ ವಸ್ತುವಿನ ಬದಲು ಅದರ ಒಂದು ಭಾಗವನ್ನು ಮಾತ್ರ ಹತ್ತಿರದಿಂದ ತೆಗೆಯುವಂತೆ ಹೇಳಿದಾಗ ನೆನಪು ಕುಂದಲಿಲ್ಲ, ಚಿತ್ರದ ಚೌಕಟ್ಟಿನಿಂದ ಹೊರಗುಳಿದ ಭಾಗವೂ ಚೆನ್ನಾಗಿಯೇ ನೆನಪಿನಲ್ಲಿತ್ತು. ಅಲ್ಲಿಂದ ಮೂರು ವರ್ಷಗಳ ಬಳಿಕ, 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅಲಿಕ್ಸಾಂಡ್ರಾ ಬರಾಶ್ ಮತ್ತು ಸಂಗಡಿಗರು, ಯಾವುದನ್ನು ತೆಗೆಯಬೇಕು ಎಂದು ತಾವೇ ಆರಿಸಿಕೊಂಡು ಫೋಟೊ ತೆಗೆದವರಿಗೆ ಕಂಡದ್ದು ಹೆಚ್ಚು ನೆನಪಿರುತ್ತದೆ, ಕೇಳಿಸಿಕೊಂಡದ್ದು ಕಡಿಮೆ ನೆನಪಿರುತ್ತದೆ ಎಂದು ತೋರಿಸಿದರು.

ಇದರಿಂದ ನಾನು ಅರ್ಥಮಾಡಿಕೊಂಡಿರುವುದು ಇಷ್ಟು: ನೆನಪಿಟ್ಟುಕೊಳ್ಳುವ ಹೊಣೆಯನ್ನು ಕ್ಯಾಮೆರಾಕ್ಕೆ ವಹಿಸಿ ಮುಂದೆ ನಡೆದರೆ ಕಣ್ಣು ಕೆಲಸ ಬಿಡುತ್ತದೆ, ಯಾವುದನ್ನು ತೆಗೆಯಲಿ, ಎಲ್ಲಿಂದ ತೆಗೆಯಲಿ, ಎಷ್ಟನ್ನು ಹೊರಗೆ ಬಿಡಲಿ ಎಂದು ಆರಿಸುತ್ತ ನಿಂತರೆ ಕಣ್ಣಿಗೆ ಕೆಲಸ ಹೆಚ್ಚುತ್ತದೆ. ಅದಕ್ಕೇ ನಾನು ದಿನಕ್ಕೆ ಒಂದೇ ಚಿತ್ರ ಎಂದು ಹಟ ಹಿಡಿಯುವುದು. ಇಪ್ಪತ್ತು ತೆಗೆದು ರಾತ್ರಿ ಒಂದನ್ನು ಆರಿಸಿದರಾಯಿತು ಎಂದು ಕೆಲವರು ವಾದಿಸುತ್ತಾರೆ. ಆಗ ಆಯ್ಕೆ ನಡೆಯುವುದು ಪರದೆಯ ಮೇಲೆ, ವಸ್ತುವಿನೆದುರು ಅಲ್ಲ. ಅದು ನನಗೆ ಒಪ್ಪಿಗೆಯಿಲ್ಲ. ಹೆಚ್ಚೆಂದರೆ ಮೂರು ಸಲ ಕ್ಲಿಕ್ ಮಾಡಿ, ಅಲ್ಲೇ ನಿಂತು ಎರಡನ್ನು ಅಳಿಸಿ.

ಕಿವಿಯ ಮಾತನ್ನೂ ಮರೆಯಬಾರದು. ಮಗಳು ಏನಾದರೂ ಹೇಳುತ್ತಿರುವಾಗ ಫೋನನ್ನು ಕೆಳಗಿಡಿ. ಅವಳ ಬೇಸರಕ್ಕೆ ಬಹುಶಃ ಇದೇ ಕಾರಣವಿರಬೇಕು.

ಪ್ರಶ್ನೆ: ನನ್ನ ತಾಯಿ ಹಾಸಿಗೆ ಹಿಡಿದು ಎಂಟು ತಿಂಗಳಾಯಿತು. ನಾನೇ ನೋಡಿಕೊಳ್ಳುತ್ತಿದ್ದೇನೆ. ನನ್ನ ದಿನದ ಗಳಿಗೆಗಳೆಲ್ಲ ಅವರ ಕೋಣೆಯಲ್ಲೇ ಕಳೆಯುತ್ತವೆ, ಆದ್ದರಿಂದ ದಿನದ ಚಿತ್ರವೂ ಅಲ್ಲಿಯದೇ ಆಗಬೇಕು. ಆದರೆ ಫೋನ್ ಎತ್ತಿದಾಗಲೆಲ್ಲ ಏನೋ ತಪ್ಪು ಮಾಡುತ್ತಿದ್ದೇನೆ ಎನ್ನಿಸಿ ಕೈ ಹಿಂದಕ್ಕೆ ಬರುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಕೈ ಹಿಂದಕ್ಕೆ ಬರುತ್ತಿರುವುದು ಒಳ್ಳೆಯ ಲಕ್ಷಣ, ಆ ಅಳುಕನ್ನು ಗೌರವಿಸಿ. ಅಮ್ಮನಿಗೆ ತಿಳಿವಳಿಕೆ ಇದ್ದರೆ ಅವರನ್ನೇ ಕೇಳಿ. “ಅಮ್ಮ, ನಿನ್ನ ಕೈಯ ಒಂದು ಚಿತ್ರ ತೆಗೆಯಲಾ?” ಎಂದು ಕೇಳಿದರೆ ಅವರು ಬೇಡವೆನ್ನಬಹುದು, ನಾಳೆ ಎನ್ನಬಹುದು, ತಲೆ ಬಾಚಿದ ಮೇಲೆ ಎನ್ನಬಹುದು. ಆ ಮೂರರಲ್ಲಿ ಯಾವುದನ್ನು ಹೇಳಿದರೂ ಅದರಂತೆ ನಡೆಯಿರಿ, ತೆಗೆದ ಮೇಲೆ ಅವರಿಗೆ ತೋರಿಸಿ. ಹೇಳುವ ಸ್ಥಿತಿಯಲ್ಲಿ ಅವರು ಇಲ್ಲದಿದ್ದರೆ, ಆರೋಗ್ಯವಾಗಿದ್ದಾಗ ಅವರು ಒಪ್ಪದಿರುತ್ತಿದ್ದ ಸ್ಥಿತಿಯಲ್ಲಿ ಅವರ ಚಿತ್ರ ಬೇಡ. ಒಪ್ಪಿದರೂ ಆ ಚಿತ್ರ ನಿಮ್ಮಲ್ಲಿಯೇ ಇರಲಿ. ಹೊರಗೆ ಹಂಚುವುದಕ್ಕೆ ಬೇರೆಯೇ ಒಪ್ಪಿಗೆ ಬೇಕು.

ಮುಖವೇ ಬೇಕೆಂದೇನೂ ಇಲ್ಲ. ನನ್ನ ತಂದೆಯ ಕೊನೆಯ ದಿನಗಳಲ್ಲಿ ನಾನು ಅವರ ಚಿತ್ರಗಳನ್ನು ಬಹಳವಾಗಿ ತೆಗೆದೆ, ಅವುಗಳಲ್ಲಿ ಹೆಚ್ಚಿನವನ್ನು ಈಗ ನೋಡಲು ಆಗುವುದಿಲ್ಲ. ಮತ್ತೆ ಮತ್ತೆ ತೆಗೆದು ನೋಡುವುದು ಒಂದೇ ಒಂದನ್ನು, ಅವರ ಕನ್ನಡಕದ ಚಿತ್ರವನ್ನು. ಕಿಟಕಿಯ ಕಟ್ಟೆಯ ಮೇಲೆ ಮಡಚದೆ ಇಟ್ಟಿದ್ದರು. ಬಲಗಡೆಯ ಕಡ್ಡಿ ಬಿಟ್ಟುಕೊಂಡಿದ್ದ ಕಡೆ ಬಿಳಿಯ ನೂಲನ್ನು ತಾವೇ ಸುತ್ತಿ ಗಂಟು ಹಾಕಿದ್ದರು, ನೂಲಿನ ತುದಿ ಒಂದು ಅಂಗುಲ ಹೊರಗೆ ಉಳಿದಿತ್ತು. ಮೂಗಿನ ಮೇಲೆ ಕೂರುವ ಪುಟ್ಟ ಬಿಲ್ಲೆಗಳ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಎಡಗಾಜಿನ ನಡುವೆ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಕಾಣುತ್ತದೆ, ಗಾಜು ಒರೆಸುವಾಗ ಅವರು ಯಾವಾಗಲೂ ಹಾಗೆಯೇ ಹಿಡಿಯುತ್ತಿದ್ದರು. ತೆಗೆದ ದಿನ ಇದು ಯಾವುದೂ ನನ್ನ ಗಮನಕ್ಕೆ ಬಂದಿರಲಿಲ್ಲ. ಅಂದು ಕಿಟಕಿಯ ಬೆಳಕು ಚೆನ್ನಾಗಿದೆ ಎಂದಷ್ಟೇ ತೆಗೆದಿದ್ದೆ.

ನಿಮ್ಮ ತಾಯಿಯ ಕೋಣೆಯಲ್ಲಿಯೂ ಅಂಥವು ಇರುತ್ತವೆ. ಬಾಚಣಿಗೆ, ಮಂಚದ ಕೆಳಗೆ ಜೋಡಿಸಿಟ್ಟ ಚಪ್ಪಲಿ, ದಿಂಬಿನಲ್ಲಿ ತಲೆ ಮಾಡಿದ ತಗ್ಗು, ಹೊದಿಕೆಯ ಅಂಚನ್ನು ಬೆರಳುಗಳು ನಿರಿಗೆ ಹಿಡಿದ ಬಗೆ. ಈ ಮೊದಲು ಹೇಳಿದ, ಫೋರ್ಕಿನ ಚಿತ್ರ ತೆಗೆದ ಕೆರ್ಟೆಸ್ ಅವರ ಹೆಂಡತಿ 1977ರಲ್ಲಿ ತೀರಿಕೊಂಡರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಒಬ್ಬಂಟಿಯಾದ ಅವರು ನ್ಯೂಯಾರ್ಕಿನ ತಮ್ಮ ಮನೆಯ ಕಿಟಕಿಯಲ್ಲಿ ಗಾಜಿನ ಒಂದು ಪುಟ್ಟ ಪ್ರತಿಮೆಯನ್ನು ಇಟ್ಟು, ಆ ಪ್ರತಿಮೆಯ ಕತ್ತು ಮತ್ತು ಭುಜದ ಬಾಗಿನಲ್ಲಿ ಹೆಂಡತಿಯನ್ನು ಕಂಡು, ಪೋಲರಾಯ್ಡ್‌ನಲ್ಲಿ ಅದರ ಚಿತ್ರಗಳನ್ನು ತೆಗೆಯುತ್ತ ಹೋದರು. ಒಳಗೆ ಬಂದ ಬೆಳಕು ಆ ಗಾಜಿನೊಳಗೆ ಒಂದೊಂದು ಹೊತ್ತಿಗೆ ಒಂದೊಂದು ಬಣ್ಣವಾಗಿದೆ.

ಮತ್ತೊಂದು ಮಾತು. ತೆಗೆಯಲು ಮನಸ್ಸಾಗದ ದಿನ ತೆಗೆಯಬೇಡಿ. ನಿಮ್ಮ ಮೇಲೆ ಆಗಲೇ ಸಾಕಷ್ಟು ಕರ್ತವ್ಯಗಳಿವೆ, ಇದೂ ಇನ್ನೊಂದಾಗುವುದು ಬೇಡ.

ಪ್ರಶ್ನೆ: ತೆಗೆದ ಚಿತ್ರಗಳನ್ನು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸುತ್ತೇನೆ, ಅಲ್ಲೇ ಉಳಿಯುತ್ತವಲ್ಲ ಎಂಬ ಭರವಸೆ. ಇದು ಸಾಕೇ?

ಉತ್ತರ: ಸಾಲದು. ಪ್ರತಿ ಚಿತ್ರದ ಕಡತದೊಳಗೆ ತೆಗೆದ ದಿನ, ಗಂಟೆ, ನಿಮಿಷಗಳು ಅಡಗಿರುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊವಾಗಿ ಕಳುಹಿಸಿದಾಗ ಚಿತ್ರದ ಗಾತ್ರವೂ ಕುಗ್ಗುತ್ತದೆ, ಆ ವಿವರಗಳೂ ಅಳಿಸಿಹೋಗುತ್ತವೆ. ದಿನಚಿತ್ರಕ್ಕೆ ದಿನಾಂಕವೇ ಇಲ್ಲದಿದ್ದರೆ ಮತ್ತೇನು ಉಳಿಯಿತು? ಮೂಲ ಕಡತವನ್ನು ಫೋನಿನಲ್ಲೇ ಬೇರೆ ಆಲ್ಬಮ್ ಮಾಡಿ ಇಟ್ಟುಕೊಳ್ಳಿ. ಕಂಪ್ಯೂಟರಿಗೆ ಹಾಕುವಾಗ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹೆಸರಿಡಿ. ಅಂದರೆ 2025ರ ಮಾರ್ಚ್ 14ರ ಚಿತ್ರಕ್ಕೆ 2025-03-14. ಹಾಗೆ ಮಾಡಿದರೆ ಅವು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ.

ಒಂದು ಚಿತ್ರಕ್ಕೆ 4 ಎಂಬಿ ಎಂದಿಟ್ಟುಕೊಂಡರೆ ವರ್ಷದ 365 ಚಿತ್ರಗಳು ಒಂದೂವರೆ ಜಿಬಿಯೊಳಗೆ ಮುಗಿಯುತ್ತವೆ, ಹಳೆಯ ಪೆನ್ ಡ್ರೈವಿನಲ್ಲಿಯೂ ಅಷ್ಟು ಜಾಗವಿರುತ್ತದೆ. ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಮನೆಯ ಹೊರಗಿರಲಿ ಎಂಬುದು ಈ ವಿಷಯದಲ್ಲಿ ಬಲ್ಲವರು ಹೇಳುವ ನಿಯಮ. ತಿಂಗಳಿಗೆ ಒಂದಾದರೂ ಚಿತ್ರವನ್ನು ಕಾಗದದ ಮೇಲೆ ಪ್ರಿಂಟ್ ಮಾಡಿಸಿ, ಹಿಂದೆ ಪೆನ್ಸಿಲಿನಲ್ಲಿ ದಿನಾಂಕವನ್ನೂ ಒಂದು ಸಾಲನ್ನೂ ಬರೆದಿಡಿ. ಆ ಸಾಲಿನಲ್ಲಿ ಚಿತ್ರದಲ್ಲಿ ಕಾಣದ್ದನ್ನು ಬರೆಯಬೇಕು. ‘ಬಾಗಿಲ ಬಳಿ ಚಪ್ಪಲಿ’ ಎಂದು ಬರೆದರೆ ಉಪಯೋಗವಿಲ್ಲ, ಅದು ಕಾಣುತ್ತಲೇ ಇದೆ. ‘ತಮ್ಮ ನಾಲ್ಕು ವರ್ಷದ ಮೇಲೆ ಮನೆಗೆ ಬಂದ ದಿನ’ ಎಂದು ಬರೆದರೆ ಆ ಚಪ್ಪಲಿ ಯಾರದೆಂದು ಮುಂದೆ ಎತ್ತಿಕೊಂಡವರಿಗೂ ತಿಳಿಯುತ್ತದೆ.

ಪ್ರಶ್ನೆ: ಸಾಮಾಜಿಕ ಜಾಲತಾಣದಲ್ಲಿ ದಿನವೂ ಹಾಕಬಹುದೇ? ಮೆಚ್ಚುಗೆ ಬಾರದ ದಿನ ಬೇಸರವಾಗುತ್ತದೆ.

ಉತ್ತರ: ಹಾಕಬಹುದು. ಇಂಗ್ಲೆಂಡಿನ ಲಿಜ್ ಬ್ರೂಸ್ಟರ್ ಮತ್ತು ಆ್ಯಂಡ್ರೂ ಕಾಕ್ಸ್ ಎಂಬ ಸಂಶೋಧಕರು ದಿನಕ್ಕೊಂದು ಚಿತ್ರ ತೆಗೆದು ಹಂಚಿಕೊಳ್ಳುವವರನ್ನು ಎರಡು ತಿಂಗಳು ಗಮನಿಸಿ ಮಾತನಾಡಿಸಿದಾಗ, ಹೀಗೆ ಹಂಚಿಕೊಳ್ಳುವುದರಿಂದ ಇತರರೊಡನೆ ಒಡನಾಟ ಬೆಳೆಯಿತು ಎಂದು ಕೆಲವರು ಹೇಳಿದ್ದರು. ಆದರೆ ನಿಮಗೆ ಬೇಸರವಾಗುತ್ತಿರುವುದರಿಂದ, ಒಂದು ತಿಂಗಳು ಯಾರಿಗೂ ತೋರಿಸದೆ ತೆಗೆಯಿರಿ. ಮೆಚ್ಚುಗೆಯ ನಿರೀಕ್ಷೆಯಲ್ಲಿ ನೀವು ಯಾವ ಯಾವ ವಸ್ತುಗಳನ್ನು ಬಿಟ್ಟುಬಿಡುತ್ತಿದ್ದಿರಿ ಎಂಬುದು ಆಗ ತಿಳಿಯುತ್ತದೆ. ಹಾಕುವುದೇ ಆದರೆ ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಸ್ಥಳದ ಗುರುತನ್ನು ಆರಿಸಿಡಿ. ಮನೆಯೊಳಗೆ ತೆಗೆದ ಚಿತ್ರದ ಕಡತದಲ್ಲಿ ನಿಮ್ಮ ಮನೆಯ ಜಾಗವೂ ಸೇರಿರಬಹುದು. ಪತ್ರ, ಗುರುತಿನ ಚೀಟಿ, ಬೀಗದ ಕೈ ಇವುಗಳನ್ನು ಓದುವಂತೆ ಹತ್ತಿರದಿಂದ ತೆಗೆದಿದ್ದರೆ ಅಂಥ ಚಿತ್ರಗಳನ್ನು ಹೊರಗೆ ಬಿಡಬೇಡಿ.

ಪ್ರಶ್ನೆ: ವರ್ಷವಿಡೀ ಒಂದೇ ಕಿಟಕಿಯನ್ನು ತೆಗೆಯಬೇಕೆಂದು ನನ್ನ ಆಸೆ. ಗೆಳೆಯರು ಹುಚ್ಚು ಎನ್ನುತ್ತಿದ್ದಾರೆ. ಇದರಲ್ಲಿ ಏನಾದರೂ ಸಿಕ್ಕೀತೇ? ಹೇಗೆ ಮಾಡಬೇಕು?

ಉತ್ತರ: ಮಾಡಿ. ನಿಮಗೆ ಒಳ್ಳೆಯ ಜೊತೆಯಿದೆ. ಪ್ರಾಗ್ ನಗರದ ಯೋಸೆಫ್ ಸುಡೆಕ್ ಮೊದಲನೆಯ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರು. ಒಂಟಿಗೈಯಲ್ಲಿ ಭಾರವಾದ ಕ್ಯಾಮೆರಾಗಳನ್ನು ಹೊತ್ತು ದುಡಿದವರು. 1940ರಿಂದ 1954ರವರೆಗೆ ಅವರು ತಮ್ಮ ಸ್ಟುಡಿಯೋದ ಒಂದೇ ಕಿಟಕಿಯನ್ನು ಒಳಗಿನಿಂದ ಮತ್ತೆ ಮತ್ತೆ ತೆಗೆದರು. ಒಂದರಲ್ಲಿ ಗಾಜಿನ ಮೇಲೆ ಹನಿಗಳು ಇಳಿದು ಹೊರಗಿನ ಮರ ಕರಗಿಹೋಗಿದೆ, ಇನ್ನೊಂದರಲ್ಲಿ ಮಂಜು ಕಟ್ಟಿದೆ, ಮತ್ತೊಂದರಲ್ಲಿ ಕಟ್ಟೆಯ ಮೇಲೆ ಲೋಟದಲ್ಲಿಟ್ಟ ಒಂದು ಹೂವು. ಅವುಗಳಲ್ಲಿ ಎಷ್ಟೋ ಚಿತ್ರಗಳನ್ನು ತೆಗೆದ ಕಾಲದಲ್ಲಿ ಆ ನಗರ ಶತ್ರುಸೇನೆಯ ವಶದಲ್ಲಿತ್ತು.

ನಿಮಗೆ ಸಿಗುವುದು ಏನು ಎಂಬುದು ಆರಂಭದ ತಿಂಗಳಲ್ಲಿ ಕಾಣುವುದಿಲ್ಲ, ಅಲ್ಲಿ ತಾಳ್ಮೆ ಬೇಕು. ಸೂರ್ಯ ಚಳಿಗಾಲದಲ್ಲಿ ಆಕಾಶದಲ್ಲಿ ತಗ್ಗಿ ಸಾಗುವುದರಿಂದ ಬಿಸಿಲಿನ ಚೌಕ ಕೋಣೆಯ ಒಳಕ್ಕೆ ದೂರ ಚಾಚುತ್ತದೆ, ಬೇಸಿಗೆಯಲ್ಲಿ ಎತ್ತರಕ್ಕೆ ಏರುವುದರಿಂದ ಅದೇ ಚೌಕ ಕಿಟಕಿಯ ಬುಡಕ್ಕೆ ಸರಿಯುತ್ತದೆ. ದಿನದಿಂದ ದಿನಕ್ಕೆ ಆಗುವ ಈ ಸರಿತ ಎಷ್ಟು ಸಣ್ಣದೆಂದರೆ, ಎರಡು ತಿಂಗಳ ಚಿತ್ರಗಳನ್ನು ಒಟ್ಟಿಗೆ ಜೋಡಿಸಿ ನೋಡುವವರೆಗೆ ಅದೇ ಕೋಣೆಯಲ್ಲಿ ವಾಸವಾಗಿರುವವರಿಗೂ ತಿಳಿಯುವುದಿಲ್ಲ.

ಆದರೆ ಹೋಲಿಸಬೇಕಾದರೆ ಜಾಗ ಬದಲಾಗಬಾರದು. ನೀವು ನಿಲ್ಲುವ ಕಡೆ ನೆಲದ ಮೇಲೆ ಎರಡು ಪಾದಗಳಿಗೆ ಸೀಮೆಸುಣ್ಣದಲ್ಲೋ ಅಂಟುಪಟ್ಟಿಯಲ್ಲೋ ಗುರುತು ಮಾಡಿ. ಫೋನಿನ ಪರದೆಯಲ್ಲಿ ಅಡ್ಡ, ಉದ್ದ ಗೆರೆಗಳು ಕಾಣುವಂತೆ ಮಾಡಿಕೊಂಡು, ಕಿಟಕಿಯ ಎಡ ಚೌಕಟ್ಟು ದಿನವೂ ಎಡಗೆರೆಯ ಮೇಲೆಯೇ ಕೂರಲಿ. ಫೋನನ್ನು ಎದೆಯ ಎತ್ತರಕ್ಕೆ ಹಿಡಿಯುವುದಾದರೆ ವರ್ಷವಿಡೀ ಅದೇ ಎತ್ತರ. ಹೊತ್ತನ್ನೂ ನಿಗದಿ ಮಾಡಿ. ಹತ್ತು ನಿಮಿಷ ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ, ಎರಡು ಗಂಟೆ ಹೆಚ್ಚುಕಡಿಮೆಯಾದರೆ ಬಿಸಿಲಿನ ಲೆಕ್ಕ ತಪ್ಪುತ್ತದೆ. ಕಿಟಕಿಯಾಚೆಯ ಬೆಳಕು ತೀವ್ರವಾಗಿರುವುದರಿಂದ ಕೋಣೆಯ ಒಳಭಾಗ ಕಪ್ಪಾಗಿ ಬರುತ್ತದೆ, ಒಳಗಿನದು ಬೇಕೋ ಹೊರಗಿನದು ಬೇಕೋ ಎಂದು ಮೊದಲ ದಿನವೇ ತೀರ್ಮಾನಿಸಿ ಅದರ ಮೇಲೆಯೇ ಬೆರಳೊತ್ತಿ ಬೆಳಕು ಅಳೆಯಿರಿ.

ನೆಲ ಒರೆಸುವಾಗ ಆ ಪಾದದ ಗುರುತನ್ನು ಅಳಿಸದಂತೆ ಮನೆಯವರಿಗೆ ಇವತ್ತೇ ಹೇಳಿಡಿ.